ಗಣಕಕ್ಕೆ ಲೋಕವನ್ನು ತಿಳಿಸಿದ ಕ್ರಿಸ್ಟನ್ ನ್ಯೂಗಾರ್ಡ್

ಗಣಕಶಾಸ್ತ್ರದ ವಿದ್ಯಾರ್ಥಿಗಳು ಮೊದಲು ಕಲಿಯುವ ಮಾತುಗಳಲ್ಲಿ ಕ್ಲಾಸ್, ಆಬ್ಜೆಕ್ಟ್ ಎಂಬಿವು ಎರಡು. ನಮ್ಮ ಮಾತಿನಲ್ಲಿ ವರ್ಗ ಮತ್ತು ವಸ್ತು. ಇವು ಯಾರ ಚಿಂತನೆಯ ಫಲವೆಂದು ಕೇಳುವವರು ವಿರಳ. ಇವಕ್ಕೆ ಜನ್ಮವಿತ್ತ ಇಬ್ಬರಲ್ಲಿ ಒಬ್ಬನು ಕ್ರಿಸ್ಟನ್ ನ್ಯೂಗಾರ್ಡ್. ಇನ್ನೊಬ್ಬನು ಅವನ ಸಹೋದ್ಯೋಗಿ ಓಲೆ-ಯೋಹಾನ್ ಡಾಲ್.

ನ್ಯೂಗಾರ್ಡನು 1926ರಲ್ಲಿ ನಾರ್ವೆ ದೇಶದ ಓಸ್ಲೋ ನಗರದಲ್ಲಿ ಹುಟ್ಟಿದನು. 1948ರಲ್ಲಿ ಅಲ್ಲಿಯ ರಕ್ಷಣಾ ಸಂಶೋಧನಾ ಸಂಸ್ಥೆಯನ್ನು ಸೇರಿ, 1960ರಲ್ಲಿ ನಾರ್ವೆಯ ಗಣಕ ಕೇಂದ್ರಕ್ಕೆ ಬಂದನು. ಕೆಲಸವು ಹೇಗೆ ಸಾಗುತ್ತದೆ, ಎಲ್ಲಿ ಸರದಿ ಬೆಳೆಯುತ್ತದೆ ಎಂಬುದನ್ನು ಮೊದಲೇ ಲೆಕ್ಕಹಾಕಿ ನೋಡುವುದು ಅವನ ಅಭ್ಯಾಸದ ವಿಷಯವಾಗಿತ್ತು. ಅಂದಿನ ಗಣಕಭಾಷೆಗಳಲ್ಲಿ ಸೂತ್ರಗಳನ್ನು ಬರೆಯುವುದು ಸುಲಭವಿತ್ತು. ಸರದಿಯಲ್ಲಿ ಕಾದು ನಿಂತ ಲಾರಿಯನ್ನು ವರ್ಣಿಸುವುದು ಕಷ್ಟವಿತ್ತು. ಈ ಕೊರತೆಯನ್ನು ನೀಗಿಸಲು ಅವರಿಬ್ಬರೂ ಸಿಮುಲಾ ಎಂಬ ಭಾಷೆಯನ್ನು ರಚಿಸಿದರು.

ಸೇತುವೆಯೊಂದರ ಸುಂಕದ ಕಟ್ಟೆಯನ್ನು ಊಹಿಸಿಕೊಳ್ಳಿ; ಅವರು ಆಲೋಚಿಸಿದ ಉದಾಹರಣೆಯೂ ಇದೇ. ‘ವಾಹನ’ವೆಂಬುದು ಒಂದು ವರ್ಗ. ವಾಹನಕ್ಕೆ ಯಾವ ಗುಣಗಳಿರಬೇಕು, ಅದು ಏನೇನು ಮಾಡಬಲ್ಲದು ಎಂಬ ಲಿಖಿತ ವಿವರವದು. ವಿವರದ ಮೇಲೆ ಯಾರೂ ಸವಾರಿ ಮಾಡಲಾರರು! ಆ ವಿವರದಂತೆ ಗಣಕದ ನೆನಪಿನಲ್ಲಿ ಮೂಡುವ ಒಂದೊಂದು ವಾಹನವೂ ವಸ್ತು. ವಿವರ ಒಂದೇ, ವಾಹನಗಳು ಹಲವು. ಒಂದೊಂದಕ್ಕೂ ತನ್ನದೇ ತೂಕ, ತನ್ನದೇ ಸರದಿ. ಲಾರಿ ಬಸ್ಸುಗಳೆರಡಕ್ಕೂ ಸಾಮಾನ್ಯವಾದುದನ್ನು ‘ವಾಹನ’ದಲ್ಲಿ ಒಮ್ಮೆ ಬರೆದು, ಲಾರಿಯ ವಿಶೇಷವನ್ನು ಉಪವರ್ಗದಲ್ಲಿ ಸೇರಿಸಿದರೆ ಸಾಕು. 1967ರ ಸಿಮುಲಾದಲ್ಲಿ ಈ ಏರ್ಪಾಡು ರೂಪುಗೊಂಡಿತು. ಸಿ++, ಜಾವಾ ಮುಂತಾದವು ಇದರ ಸಂತತಿ.

ಆದರೆ ಕಾರ್ಖಾನೆಯನ್ನು ಹೀಗೆ ವರ್ಣಿಸುವಾಗ ಕಾರ್ಮಿಕನೂ ಒಂದು ವಸ್ತುವಾಗುತ್ತಾನೆ. ಆ ವಿವರವನ್ನು ಮಾಲೀಕನೊಬ್ಬನೇ ಬರೆಸಿದರೆ ದುಡಿಯುವವನ ಗತಿಯೇನು? ಈ ಪ್ರಶ್ನೆ ನ್ಯೂಗಾರ್ಡನನ್ನು ಕಾಡಿತು. 1970ರ ದಶಕದಲ್ಲಿ ಅವನು ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಕಲೆತು, ಕಾರ್ಖಾನೆಗೆ ಬರುವ ಗಣಕ ವ್ಯವಸ್ಥೆಯನ್ನು ಕಾರ್ಮಿಕರೇ ಅರಿಯುವಂತೆಯೂ ಅದರ ರಚನೆಯಲ್ಲಿ ಅವರ ಮಾತು ನಡೆಯುವಂತೆಯೂ ಶ್ರಮಿಸಿದನು. ಮುಂದೆ ಆ ದೇಶದ ಮಾಲೀಕ-ಕಾರ್ಮಿಕ ಒಪ್ಪಂದಗಳಲ್ಲಿ ಈ ಹಕ್ಕಿಗೆ ಸ್ಥಾನ ದೊರೆಯಿತು.

2001ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಗೆಳೆಯರಿಬ್ಬರಿಗೂ ಸಂದಿತು. 2002ರ ಜೂನ್‌ನಲ್ಲಿ ಡಾಲ್, ಆಗಸ್ಟ್‌ನಲ್ಲಿ ನ್ಯೂಗಾರ್ಡ್ ತೀರಿಕೊಂಡರು.

ಮಿತ್ರರೇ, ನಾಳೆ ನಾವೂ ‘ವಿದ್ಯಾರ್ಥಿ’ ಎಂಬ ವರ್ಗವನ್ನು ಬರೆಯುತ್ತೇವೆ. ಹೆಸರು, ಹಾಜರಿ, ಅಂಕ ಎಂದು ಮೂರು ಸಾಲು ಹಾಕಿ ಮುಗಿಸುತ್ತೇವೆ. ಬರೆಯದೆ ಬಿಟ್ಟದ್ದೇನು ಎಂದು ಆಗ ಒಮ್ಮೆ ಕೇಳಿಕೊಂಡರೆ, ನ್ಯೂಗಾರ್ಡನಿಂದ ನಾವು ಪಾಠ ಕಲಿತಂತೆ.