ಕುಡುಕರ ಬಂಧು ಬಿಲ್ ವಿಲ್ಸನ್

ರಾಜ್ಯಗಳನ್ನು ಗೆದ್ದವರ ಚರಿತ್ರೆಯನ್ನು ನಾವು ತರಗತಿಗಳಲ್ಲಿ ಓದುತ್ತೇವೆ. ಒಂದು ಬಟ್ಟಲಿಗೆ ಸೋತು, ಆ ಸೋಲನ್ನು ಒಪ್ಪಿಕೊಂಡುದರಿಂದಲೇ ಲಕ್ಷಾಂತರ ಜನರಿಗೆ ದಾರಿ ತೋರಿದವನ ಚರಿತ್ರೆ ಪಠ್ಯಗಳಲ್ಲಿ ದೊರೆಯುವುದು ವಿರಳ. ಅಂಥವನು ಅಮೆರಿಕದ ವಿಲಿಯಂ ಗ್ರಿಫಿತ್ ವಿಲ್ಸನ್. ಲೋಕವು ಆತನನ್ನು ಬಿಲ್ ಎಂದೇ ಬಲ್ಲದು.

ವರ್ಮಾಂಟ್ ಸಂಸ್ಥಾನದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ ೧೮೯೫ನೆಯ ನವೆಂಬರ್ ೨೬ರಂದು ಬಿಲ್ ಜನಿಸಿದನು. ತಂದೆತಾಯಿಗಳು ಬೇರೆಯಾದುದರಿಂದ ತಾಯಿಯ ತಂದೆಯ ಮನೆಯಲ್ಲಿ ಬೆಳೆದನು. ಆಸ್ಟ್ರೇಲಿಯದ ಮೂಲನಿವಾಸಿಗಳ ಹೊರತು ಬೇರಾರೂ ಬೂಮರಾಂಗನ್ನು ಮಾಡಲಾರರೆಂದು ಅಜ್ಜ ಹೇಳಿದುದೇ ತಡ, ಹುಡುಗನು ತಿಂಗಳುಗಟ್ಟಲೆ ಮರ ಕೆತ್ತಿ, ಎಸೆದರೆ ಹಿಂದಿರುಗಿ ಬರುವ ಬೂಮರಾಂಗನ್ನು ಮಾಡಿಯೇ ತೋರಿಸಿದನು. ಹಠವೊಂದಿದ್ದರೆ ಎಲ್ಲವೂ ಸಾಧ್ಯವೆಂಬ ನಂಬಿಕೆ ಅವನಲ್ಲಿ ಬೇರೂರಿತು. ಆದರೆ ಮುಂದೆ ಮದ್ಯದ ಮುಂದೆ ಈ ಹಠ ನಡೆಯಲಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಾಧಿಕಾರಿಯಾಗಿದ್ದಾಗ, ೧೯೧೭ರಲ್ಲಿ, ಆತನು ಮೊದಲ ಸಲ ಮದ್ಯದ ರುಚಿ ಕಂಡನು. ಸಂಕೋಚದ ಯುವಕನಿಗೆ ಅದು ಮಾತು ಕೊಟ್ಟಿತು, ಧೈರ್ಯ ಕೊಟ್ಟಿತು. ೧೯೧೮ರಲ್ಲಿ ಲೋಯಿಸ್ ಎಂಬಾಕೆಯನ್ನು ಮದುವೆಯಾದನು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಹಣವನ್ನೂ ಹೆಸರನ್ನೂ ಗಳಿಸಿದನು. ೧೯೨೯ರಲ್ಲಿ ಪೇಟೆ ಕುಸಿಯಿತು. ಕುಡಿತ ಮಾತ್ರ ಏರುತ್ತಲೇ ಹೋಯಿತು. ಲೋಯಿಸ್ ಅಂಗಡಿಯೊಂದರಲ್ಲಿ ದುಡಿದು ಸಂಸಾರ ಸಾಗಿಸಿದಳು. ಬಿಡುತ್ತೇನೆಂದು ಅವನು ಆಣೆಯಿಟ್ಟುದೆಷ್ಟೋ, ಆ ಆಣೆ ಮುರಿದುದೆಷ್ಟೋ!

ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿ ಡಾ|| ಸಿಲ್ಕ್‌ವರ್ತ್ ಎಂಬ ವೈದ್ಯರು, ಇದು ಬರಿಯ ನಡತೆಗೇಡಲ್ಲ, ದೇಹ ಮನಸ್ಸುಗಳೆರಡನ್ನೂ ಹಿಡಿದ ರೋಗವೆಂದು ತಿಳಿಯಹೇಳಿದರು. ೧೯೩೪ರ ನವೆಂಬರಿನಲ್ಲಿ, ಕುಡಿತ ಬಿಟ್ಟಿದ್ದ ಹಳೆಯ ಗೆಳೆಯ ಎಬಿ ಥ್ಯಾಚರ್ ಮನೆಗೆ ಬಂದು ತನ್ನ ಕಥೆ ಹೇಳಿದನು. ಮರುತಿಂಗಳು ಬಿಲ್ ಕೊನೆಯ ಸಲ ಆಸ್ಪತ್ರೆ ಸೇರಿದನು. ಅಲ್ಲಿಂದ ಸಾಯುವವರೆಗೆ, ೩೬ ವರ್ಷಗಳ ಕಾಲ, ಮದ್ಯ ಮುಟ್ಟಲಿಲ್ಲ.

ಗುಣವಾದವನು ಸುಮ್ಮನೆ ಕೂರಲಿಲ್ಲ. ತಿಂಗಳುಗಳ ಕಾಲ ಕುಡುಕರನ್ನು ಹುಡುಕಿಕೊಂಡು ಹೋಗಿ ಉಪದೇಶ ಮಾಡಿದನು. ಒಬ್ಬನೂ ಬಿಡಲಿಲ್ಲ. ಆದರೆ ಈ ಓಡಾಟದಲ್ಲಿ ತಾನು ಕುಡಿಯದೆ ಉಳಿದಿದ್ದನು. ಇದರ ಅರ್ಥ ಅವನಿಗೆ ಹೊಳೆದುದು ೧೯೩೫ರ ಮೇ ತಿಂಗಳಲ್ಲಿ, ಒಹಾಯೋ ಸಂಸ್ಥಾನದ ಆಕ್ರನ್ ನಗರದಲ್ಲಿ. ವ್ಯಾಪಾರದ ಕೆಲಸ ಕೆಟ್ಟು, ಕೈಯಲ್ಲಿ ಹಣವಿಲ್ಲದೆ, ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದನು. ಒಂದು ಕಡೆ ಮದ್ಯದಂಗಡಿಯ ನಗು ಗದ್ದಲ. ಇನ್ನೊಂದು ಕಡೆ ಟೆಲಿಫೋನು, ಅದರ ಬಳಿ ಊರಿನ ಚರ್ಚುಗಳ ಪಟ್ಟಿ. ತಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತಾಡಲೇಬೇಕೆಂದು ನಿಶ್ಚಯಿಸಿ ಬಿಲ್ ಟೆಲಿಫೋನನ್ನು ಎತ್ತಿಕೊಂಡನು. ಒಬ್ಬ ಪಾದ್ರಿಯಿಂದ ಹಲವು ಹೆಸರುಗಳು ದೊರೆತು, ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆ ಡಾ|| ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರನ್ನು ಪರಿಚಯಿಸಿದಳು. ಕುಡಿತದಿಂದ ವೃತ್ತಿಯನ್ನು ಬಹುಪಾಲು ಕಳೆದುಕೊಂಡಿದ್ದ ಆತನು ಹದಿನೈದು ನಿಮಿಷ ಮಾತ್ರ ಕೂರುವೆನೆಂದು ಬಂದು ರಾತ್ರಿಯವರೆಗೆ ಕುಳಿತನು. ಬಿಲ್ ಉಪದೇಶಿಸದೆ ತನ್ನ ಕಥೆಯನ್ನು ಮಾತ್ರ ಹೇಳಿದ್ದನು. ಡಾಕ್ಟರು ಒಮ್ಮೆ ಜಾರಿ, ಜೂನ್ ೧೦ರಿಂದ ಶಾಶ್ವತವಾಗಿ ಕುಡಿತ ಬಿಟ್ಟರು. ಆ ದಿನವೇ ಆಲ್ಕೊಹಾಲಿಕ್ಸ್ ಅನಾನಿಮಸ್, ಎಂದರೆ ಅನಾಮಧೇಯ ಮದ್ಯವ್ಯಸನಿಗಳ ಸಂಘದ ಹುಟ್ಟುಹಬ್ಬ.

ಈ ಸಂಘದ ಸಭೆಯ ಕ್ರಮ ಸರಳವಾದುದು. ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಪೂರ್ತಿ ಹೆಸರನ್ನು ಯಾರೂ ಕೇಳುವುದಿಲ್ಲ. ಒಬ್ಬೊಬ್ಬರೂ ತಮ್ಮ ಅನುಭವ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಜನ್ಮವೆಲ್ಲ ಬಿಡುವೆನೆಂಬ ಆಣೆಯಿಲ್ಲ, ಇಂದೊಂದು ದಿನ ಕುಡಿಯೆನೆಂಬ ಸಂಕಲ್ಪ. ಹೊರಗಿನವರ ದಾನವನ್ನು ಸ್ವೀಕರಿಸುವುದಿಲ್ಲ. ೧೯೩೯ರಲ್ಲಿ ಹನ್ನೆರಡು ಹಂತಗಳನ್ನೊಳಗೊಂಡ ಗ್ರಂಥ ಹೊರಬಂದಿತು. ೧೯೪೧ರಲ್ಲಿ ಪತ್ರಿಕೆಯೊಂದರ ಲೇಖನದಿಂದ ಸದಸ್ಯರು ಸುಮಾರು ೨,೦೦೦ದಿಂದ ವರ್ಷಾಂತ್ಯಕ್ಕೆ ೮,೦೦೦ಕ್ಕೆ ಏರಿದರು. ಮನೆಯವರೂ ನೊಂದವರೇ ಎಂದರಿತ ಲೋಯಿಸ್, ೧೯೫೧ರಲ್ಲಿ ಗೆಳತಿಯೊಡನೆ ಕುಟುಂಬದವರಿಗಾಗಿ ಅಲ್-ಅನಾನ್ ಸಂಘವನ್ನು ಕಟ್ಟಿದಳು.

ಬಿಲ್ ದೋಷರಹಿತನೇನೂ ಅಲ್ಲ. ವರ್ಷಗಟ್ಟಲೆ ಖಿನ್ನತೆಯಿಂದ ಬಳಲಿದನು. ಸಿಗರೇಟಿನ ಚಟ ಶ್ವಾಸಕೋಶವನ್ನು ಕೆಡಿಸಿತು. ಆದರೆ ಕೀರ್ತಿಯೂ ಒಂದು ಅಮಲೆಂಬುದನ್ನು ಬಲ್ಲವನಾಗಿದ್ದನು. ೧೯೫೪ರಲ್ಲಿ ಯೇಲ್ ವಿಶ್ವವಿದ್ಯಾನಿಲಯ ನೀಡಬಂದ ಗೌರವ ಡಾಕ್ಟರೇಟನ್ನು ನಿರಾಕರಿಸಿದನು. ಮರುವರ್ಷ ಸಂಘದ ಆಡಳಿತವನ್ನು ಸದಸ್ಯರಿಗೇ ಒಪ್ಪಿಸಿದನು. ೧೯೭೧ನೆಯ ಜನವರಿ ೨೪ರಂದು, ತನ್ನ ಮದುವೆಯ ೫೩ನೆಯ ವಾರ್ಷಿಕ ದಿನದಂದೇ, ತೀರಿಕೊಂಡನು.

ಹಳ್ಳಿಯ ಮನೆಗಳಿಂದ ಮೊದಲಿಗರಾಗಿ ಕಾಲೇಜಿಗೆ ಬಂದ ನಮ್ಮಲ್ಲಿ ಅನೇಕರಿಗೆ ಕುಡಿತ ಹೊಕ್ಕ ಮನೆಯ ಸ್ಥಿತಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕೂಲಿಯ ಹಣ ದಾರಿಯಲ್ಲೇ ಕರಗುತ್ತದೆ. ತಾಯಂದಿರು ಮಾನಕ್ಕಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಊರು ಬೈಯುತ್ತದೆ, ಇಲ್ಲವೆ ನಗುತ್ತದೆ. ಬೈಗುಳದಿಂದ ಗುಣವಾದವರನ್ನು ಕಂಡವರುಂಟೆ? ಬೆಂಗಳೂರೇ ಮೊದಲಾದ ನಮ್ಮ ನಗರಗಳಲ್ಲಿಯೂ ಈ ಸಭೆಗಳು ನಡೆಯುತ್ತಿವೆ. ಸಂಘದ ದೂರವಾಣಿಗೆ ಕರೆಮಾಡಿದರೆ ಹತ್ತಿರದ ಸಭೆಯ ಸ್ಥಳ, ವೇಳೆ ತಿಳಿಯುತ್ತದೆ. ತೆರೆದ ಸಭೆಗಳಿಗೆ ಮನೆಯವರೂ ವಿದ್ಯಾರ್ಥಿಗಳೂ ಹೋಗಬಹುದು. ಬಹುಕಾಲ ಕುಡಿದವರು ಒಮ್ಮೆಲೇ ಬಿಡುವುದು ಅಪಾಯಕರವಾದ್ದರಿಂದ ವೈದ್ಯರ ನೆರವೂ ಅವಶ್ಯ. ಬಿಲ್ ಸಹ ಆಸ್ಪತ್ರೆಯಿಂದಲೇ ಎದ್ದುಬಂದವನು.

ಓದಿದವರೆನಿಸಿಕೊಂಡ ನಾವು ಊರಿಗೆ ಹೋದಾಗ, ಈ ವಿಷಯವನ್ನು ತಿಳಿಯದ ಒಂದು ಮನೆಗೆ ತಿಳಿಸಿದರೂ ನಮ್ಮ ಓದು ಅಷ್ಟರಮಟ್ಟಿಗೆ ಸಾರ್ಥಕವಾದೀತು.