ಕಬ್ಬಿಣಕ್ಕೆ ದನಿ ಕೊಟ್ಟವರು

ಯಲಹಂಕದ ನೆರೆಯ ನಮ್ಮ ಅಟ್ಟೂರು ಈಗ ಬೆಂಗಳೂರಿನ ಒಂದು ಬಡಾವಣೆ. ರಾಗಿಯ ಹೊಲಗಳಿದ್ದಲ್ಲಿ ಮನೆಗಳೆದ್ದಿವೆ, ಕೊಟ್ಟಿಗೆಗಳು ವಿರಳವಾಗಿವೆ. ಅವುಗಳೊಡನೆ ಒಂದು ಸದ್ದೂ ಮರೆಯಾಯಿತು. ಅದು ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರದ ಸದ್ದು. ಹಲ್ಲುಗಾಲಿಗಳು ಜೋಳದ ಕಡ್ಡಿಯನ್ನು ಒಳಗೆಳೆಯುವಾಗ ಸಣ್ಣದೊಂದು ಗೊಣಗಾಟ. ಭಾರಿ ಚಕ್ರಕ್ಕೆ ಬಿಗಿದ ಬಾಗಿದ ಅಲಗು ಅದನ್ನು ತುಂಡರಿಸುವಾಗ ತಪ್ಪದ ತಾಳ. ಅಲಗು ಮೊಂಡಾದುದನ್ನು ಕಣ್ಣಿಗಿಂತ ಮೊದಲು ಕಿವಿಯೇ ತಿಳಿಯುತ್ತಿತ್ತು. ಆ ಸದ್ದನ್ನು ನೆನೆದಾಗಲೆಲ್ಲ ನನಗೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಬಾಳು ನೆನಪಾಗುತ್ತದೆ. ಇಂಥ ಯಂತ್ರಗಳನ್ನು ನಮ್ಮ ನಾಡಿನಲ್ಲಿಯೇ ತಯಾರಿಸಲು ಮೊದಮೊದಲು ಕೈಹಾಕಿದವರಲ್ಲಿ ಅವರೊಬ್ಬರು.

ಅವರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಒಂದೇ ಊರು ರಂಗಭೂಮಿಗೆ ಗಾನವನ್ನೂ ರೈತನ ಕೊಟ್ಟಿಗೆಗೆ ಕಬ್ಬಿಣದ ತಾಳವನ್ನೂ ಕೊಟ್ಟಿತೆನ್ನಬಹುದು.

ಲಕ್ಷ್ಮಣರಾಯರ ಮನಸ್ಸು ಮೊದಲು ಒಲಿದದ್ದು ಚಿತ್ರಕಲೆಗೆ. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಅವರ ಕಣ್ಣು ಕೆಲವು ಬಣ್ಣಗಳ ಭೇದವನ್ನು ಗುರುತಿಸಲಾರದಾಯಿತು. ಚಿತ್ರಕಾರನಾಗಬಯಸಿದವನಿಗೆ ಇದಕ್ಕಿಂತ ಕಠಿಣವಾದ ತೀರ್ಪು ಬೇರೆ ಉಂಟೆ? ಅವರು ಕುಂಚವನ್ನು ಕೆಳಗಿಟ್ಟರು. ಬಣ್ಣದ ಹಂಗಿಲ್ಲದ ಯಂತ್ರಗಳ ರೇಖಾಚಿತ್ರವನ್ನು ಕಲಿತರು. ಮುಂಬಯಿಯ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರೂ ಆದರು. ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ನರೊಬ್ಬರ ಪಾಲಾದಾಗ ಕೆಲಸವನ್ನು ತೊರೆದು ಬೆಳಗಾವಿಗೆ ಮರಳಿದರು.

ಅಲ್ಲಿ 1888ರಲ್ಲಿಯೇ ಸೋದರನೊಡನೆ ತೆರೆದಿದ್ದ ಬೈಸಿಕಲ್ಲಿನ ಅಂಗಡಿಯಿತ್ತು. ಸಣ್ಣದೊಂದು ಕಾರ್ಖಾನೆ ಕಟ್ಟಿ ಮೇವು ಕತ್ತರಿಸುವ ಯಂತ್ರವನ್ನೂ ಬಳಿಕ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದವು. ಅಷ್ಟರಲ್ಲಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿಯ ಪುರಸಭೆ ಸೂಚಿಸಿತು. ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರು; ಸ್ವತಃ ಚಿತ್ರಕಾರರು. ಕುಂಚವನ್ನು ಬಿಡಬೇಕಾಗಿ ಬಂದವರಿಗೆ ಕುಂಚ ಹಿಡಿದವರೇ ಆಸರೆಯಾದರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ, ಕಳ್ಳಿ ಬೆಳೆದ 32 ಎಕರೆ ಬರಡು ನೆಲದಲ್ಲಿ, 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಬ್ಬಿನ ಗಾಣ, ನೀರಿನ ಪಂಪು ಮೊದಲಾದವು ಅಲ್ಲಿಂದ ಹಳ್ಳಿಗಳಿಗೆ ಹೊರಟವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪಿತವಾಯಿತು.

1956ರಲ್ಲಿ ಅವರು ತೀರಿಕೊಂಡರು; 1969ರಲ್ಲಿ, ಅವರ ಜನ್ಮಶತಮಾನೋತ್ಸವದಂದು, ಭಾರತ ಸರ್ಕಾರ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚುವ ಸಂಗತಿ ಬೇರೊಂದು. 1946ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸಂಸ್ಥೆ ವಿದ್ಯುತ್ ಮೋಟಾರುಗಳನ್ನು ತಯಾರಿಸಿತು. ಮೋಟಾರು ಹೊಕ್ಕ ಕೊಟ್ಟಿಗೆಯಲ್ಲಿ ಕೈಯ ತಾಳ ನಿಂತು, ಒಂದೇ ಸಮನಾದ ಮೊರೆತ ಉಳಿಯಿತು. ನಾನು ಹಂಬಲಿಸುವ ಸದ್ದನ್ನು ಹಳ್ಳಿಗೆ ತಂದ ಮನೆತನವೇ ಅದನ್ನು ನಿಲ್ಲಿಸುವುದರಲ್ಲಿಯೂ ಪಾಲು ಪಡೆಯಿತು!

ಲಕ್ಷ್ಮಣರಾಯರು ಇದಕ್ಕೆ ಮರುಗುತ್ತಿರಲಿಲ್ಲವೆಂದು ನನ್ನ ನಂಬುಗೆ. ಕೇಳುವವನಿಗೆ ಅದು ತಾಳ; ಚಕ್ರ ತಿರುಗಿಸುವವಳಿಗೆ ತೋಳಿನ ನೋವು. ಆ ನೋವನ್ನು ಕಡಿಮೆ ಮಾಡುವುದೇ ಅವರ ಕಾಯಕವಾಗಿತ್ತು.