ಒಪ್ಪಿಸಿದ್ದನ್ನು ಒಪ್ಪಿಸಿ ಹೋದವನು: ಯಾನೋಷ್ ಹುನ್ಯಾದಿ

ಮಧ್ಯಾಹ್ನ ಹನ್ನೆರಡಕ್ಕೆ ದೇವಾಲಯದ ಗಂಟೆ ಮೊಳಗಿದೊಡನೆ ಕೈಯ ಕೆಲಸ ನಿಲ್ಲಿಸಿ ತ್ರಿಕಾಲ ಪ್ರಾರ್ಥನೆ ಹೇಳುವ ರೂಢಿ ನಮ್ಮ ಹಿರಿಯರಲ್ಲಿತ್ತು. ನಿಮ್ಮಲ್ಲಿ ಕೆಲವರ ಮನೆಗಳಲ್ಲಿ ಅದು ಇಂದಿಗೂ ಇದ್ದೀತು. ಹಂಗೇರಿ ದೇಶದ ಜನರಿಗೆ ಆ ಮಧ್ಯಾಹ್ನದ ಗಂಟೆ ಒಬ್ಬ ಮನುಷ್ಯನ ನೆನಪನ್ನೂ ತರುತ್ತದೆ. ಆತನೇ ಯಾನೋಷ್ ಹುನ್ಯಾದಿ. ಧರ್ಮಸಭೆ ಆತನನ್ನು ಸಂತನೆಂದು ಘೋಷಿಸಿಲ್ಲ. ಆತ ಸಂಸಾರಸ್ಥ, ಜಮೀನುದಾರ, ರಾಜರ ಸಲಹೆಗಾರ, ಯೋಧ. ತಪ್ಪು ಮಾಡಿದವನು, ಸೋತವನು, ಮತ್ತೆ ಎದ್ದವನು. ಆದುದರಿಂದಲೇ ಆತನ ಬಾಳು ನಮ್ಮಂಥ ಸಾಮಾನ್ಯ ವಿಶ್ವಾಸಿಗಳಿಗೆ ಹತ್ತಿರದ್ದು.

ಏಳಿಗೆಯ ದಿನಗಳು

ಹುನ್ಯಾದಿಯ ತಂದೆ ವೊಯ್ಕ್ ರಾಜ ಸಿಗಿಸ್ಮಂಡನ ಆಸ್ಥಾನದ ಯೋಧ. ಆತನ ಸೇವೆಗೆ ಮೆಚ್ಚಿ ರಾಜನು 1409ರಲ್ಲಿ ಟ್ರಾನ್ಸಿಲ್ವೇನಿಯಾದ ಹುನ್ಯಾದ್ ಕೋಟೆಯನ್ನು ದಾನವಾಗಿ ಕೊಟ್ಟನು. ಮನೆತನದ ಹೆಸರು ಬಂದದ್ದು ಆ ಕೋಟೆಯಿಂದಲೇ. ಮಗನೂ ರಾಜಸೇವೆಗೆ ಸೇರಿದನು. ರಾಜನೊಡನೆ ಇಟಲಿಗೆ ಹೋಗಿ, ಮಿಲಾನಿನ ಪ್ರಭುವಿನ ಬಳಿ ಯುದ್ಧವಿದ್ಯೆ ಕಲಿತನು. ರಾಜನಿಗೇ ಹಣದ ಅಡಚಣೆಯಾದಾಗ ಸಾಲ ಕೊಟ್ಟನು. ಹೀಗೆ ವಿಶ್ವಾಸ ಗಳಿಸಿ ರಾಜನ ಸಲಹಾಸಭೆಯಲ್ಲಿ ಸ್ಥಾನ ಪಡೆದನು.

1441ರಲ್ಲಿ ಯುವರಾಜನಂತಿದ್ದ ಎಳೆಯ ಅರಸ ಉಲಾಸ್ಲೊ ಆತನನ್ನು ಟ್ರಾನ್ಸಿಲ್ವೇನಿಯಾದ ಆಡಳಿತಗಾರರಲ್ಲಿ ಒಬ್ಬನಾಗಿ ನೇಮಿಸಿ, ದಕ್ಷಿಣದ ಗಡಿಯ ರಕ್ಷಣೆಯನ್ನು ವಹಿಸಿದನು. ಆಗ ಒಟ್ಟೋಮನ್ ತುರ್ಕರ ಸಾಮ್ರಾಜ್ಯ ಡ್ಯಾನ್ಯೂಬ್ ನದಿಯವರೆಗೂ ಹಬ್ಬಿತ್ತು. 1442ರಲ್ಲಿ ಹುನ್ಯಾದಿ ಎರಡು ತುರ್ಕಿ ಸೇನೆಗಳನ್ನು ಸೋಲಿಸಿದನು. ಮರುವರ್ಷದ ಚಳಿಗಾಲದಲ್ಲಿ ಸೋಫಿಯಾ ನಗರದ ಆಚೆಗೂ ಸೇನೆ ನಡೆಸಿದನು. ಆತನ ಕೀರ್ತಿ ಯುರೋಪಿನಲ್ಲೆಲ್ಲ ಹರಡಿತು.

ಮುರಿದ ಮಾತು

ಕೀರ್ತಿಯ ಬೆನ್ನಿಗೇ ಪರೀಕ್ಷೆ ಬಂತು. 1444ರ ಬೇಸಿಗೆಯಲ್ಲಿ ಸುಲ್ತಾನ ಎರಡನೇ ಮುರಾದನೊಡನೆ ಹತ್ತು ವರ್ಷಗಳ ಶಾಂತಿ ಒಪ್ಪಂದವಾಯಿತು. ಆದರೆ ಕಾರ್ಡಿನಲ್ ಚೆಸರೀನಿ ಯುದ್ಧ ಮುಂದುವರಿಸಬೇಕೆಂದು ಒತ್ತಾಯಿಸಿದರು. ಎಳೆಯ ಅರಸನು ಒಪ್ಪಿದನು. ಸಲಹೆಗಾರನಾಗಿದ್ದ ಹುನ್ಯಾದಿಯೂ ಜೊತೆಗೆ ಹೊರಟನು. ಓದುಗರೇ, ಇಲ್ಲಿ ಮಾತು ಮುರಿದವರು ಕ್ರೈಸ್ತರೇ ಎಂಬುದನ್ನು ನಾವು ಮರೆಮಾಚಬಾರದು. ಕೊಟ್ಟ ಮಾತು ಯಾರಿಗೆ ಕೊಟ್ಟರೂ ಮಾತೇ.

ನವೆಂಬರ್ 10ರಂದು ಕಪ್ಪು ಸಮುದ್ರದ ತೀರದ ವಾರ್ನಾದಲ್ಲಿ ಕದನ ನಡೆಯಿತು. ತಾನು ಬರುವವರೆಗೆ ಕಾದಿರಬೇಕೆಂದು ಹುನ್ಯಾದಿ ಹೇಳಿದ್ದರೂ ಇಪ್ಪತ್ತು ವರ್ಷದ ಅರಸನು ಆತುರಪಟ್ಟು ಸುಲ್ತಾನನ ಕಾವಲುಪಡೆಯ ಮೇಲೆಯೇ ನುಗ್ಗಿ ಮಡಿದನು. ಕಾರ್ಡಿನಲರೂ ಹತರಾದರು. ಹುನ್ಯಾದಿ ಹೇಗೋ ಜೀವ ಉಳಿಸಿಕೊಂಡನು.

ನಾಲ್ಕು ವರ್ಷಗಳ ನಂತರ, 1448ರ ಅಕ್ಟೋಬರಿನಲ್ಲಿ, ಕೊಸೊವೊ ಬಯಲಿನಲ್ಲಿ ಮತ್ತೊಂದು ದೊಡ್ಡ ಸೋಲು. ಹಿಂದಿರುಗುವ ದಾರಿಯಲ್ಲಿ ಸೆರ್ಬಿಯಾದ ಅರಸ, ತಾನೂ ಕ್ರೈಸ್ತನೇ ಆಗಿದ್ದವನು, ಆತನನ್ನು ಸೆರೆಹಿಡಿದನು. ಬಿಡುಗಡೆಗಾಗಿ ಭಾರಿ ಹಣ ಒಪ್ಪಿಕೊಂಡು, ಹಿರಿಯ ಮಗ ಲಾಸ್ಲೊನನ್ನು ಒತ್ತೆಯಾಗಿ ಕೊಡಬೇಕಾಯಿತು. ಮಗನನ್ನು ಒತ್ತೆಯಿಟ್ಟು ಮನೆಗೆ ಮರಳಿದ ತಂದೆಯ ಮನಸ್ಸನ್ನೂ, ತಾಯಿ ಎರ್ಜೆಬೆತ್ ಸಿಲಾಗಿಯ ಮನಸ್ಸನ್ನೂ ಹೆತ್ತವರಾದ ನೀವೇ ಊಹಿಸಬಲ್ಲಿರಿ.

ಹಿಂದಿರುಗಿಸಿದ ಅಧಿಕಾರ

ವಾರ್ನಾದ ಬಳಿಕ ಸಿಂಹಾಸನಕ್ಕೆ ಹಕ್ಕುದಾರನಾಗಿದ್ದವನು ಐದನೇ ಲಾಸ್ಲೊ ಎಂಬ ಪುಟ್ಟ ಬಾಲಕ. ಅವನು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದನು. ಬಾಲಕನು ಪರರಾಜ್ಯದಲ್ಲಿ, ಹ್ಯಾಬ್ಸ್‌ಬರ್ಗ್ ಮನೆತನದ ಫ್ರೆಡರಿಕನ ವಶದಲ್ಲಿದ್ದನು. 1446ರ ಜೂನ್‌ನಲ್ಲಿ ದೇಶದ ಮಹಾಸಭೆಯು ಹುನ್ಯಾದಿಯನ್ನು ರಾಜ್ಯಪಾಲಕನಾಗಿ ಆರಿಸಿತು.

ಏಳು ವರ್ಷಗಳ ಹತ್ತಿರ ರಾಜ್ಯದ ಚುಕ್ಕಾಣಿ ಆತನ ಕೈಯಲ್ಲಿತ್ತು. ದೇಶದ ಅತಿ ದೊಡ್ಡ ಭೂಮಾಲೀಕ ಆತನೇ. ಸೇನೆಯೂ ಆತನದೇ. ಆ ಕಾಲದಲ್ಲಿ ಇಷ್ಟಿದ್ದವರು ಕಿರೀಟಕ್ಕೆ ಕೈಚಾಚುವುದು ಅಪರೂಪವಾಗಿರಲಿಲ್ಲ. ಆದರೆ 1453ರ ಆರಂಭದಲ್ಲಿ, ಬಿಡುಗಡೆ ಹೊಂದಿದ, ಇನ್ನೂ ಹದಿಮೂರು ತುಂಬದ ಹುಡುಗ ರಾಜ್ಯಭಾರಕ್ಕೆ ಬಂದಾಗ ಹುನ್ಯಾದಿ ರಾಜ್ಯಪಾಲಕ ಪದವಿಯನ್ನು ಬಿಟ್ಟುಕೊಟ್ಟನು. ರಾಜನು ಆತನಿಗೆ ಬೆಸ್ತೆರ್ಸೆಯ ಕೌಂಟ್ ಎಂಬ ವಂಶಪಾರಂಪರ್ಯ ಬಿರುದನ್ನಿತ್ತನು. ಸೇನಾಧಿಪತ್ಯವೂ ಕೈಯಲ್ಲಿ ಉಳಿಯಿತು. ಆತ ಎಲ್ಲವನ್ನೂ ತ್ಯಜಿಸಿದ ವಿರಾಗಿಯೇನಲ್ಲ. ಆದರೂ ಇನ್ನೊಬ್ಬರ ಪರವಾಗಿ ಇಟ್ಟುಕೊಂಡಿದ್ದ ಆಸ್ತಿಯನ್ನು ಹಕ್ಕುದಾರ ಬಂದ ದಿನ ಒಪ್ಪಿಸಿದನು.

ಬೆಲ್‌ಗ್ರೇಡಿನ ಕೋಟೆ

ಅದೇ ವರ್ಷ ಮೇ 29ರಂದು ಸುಲ್ತಾನ ಎರಡನೇ ಮೆಹ್ಮದನು ಕಾನ್‌ಸ್ಟಾಂಟಿನೋಪಲನ್ನು ಗೆದ್ದನು. 1456ರ ಜುಲೈನಲ್ಲಿ ಹಂಗೇರಿಯ ಬಾಗಿಲಾಗಿದ್ದ ಬೆಲ್‌ಗ್ರೇಡ್ ಕೋಟೆಯನ್ನು ಮುತ್ತಿದನು. ಒಳಗಿದ್ದವನು ಹುನ್ಯಾದಿಯ ಬಾವಮೈದ ಮಿಹಾಯ್ ಸಿಲಾಗಿ. ದೇಶದ ಬಹುಪಾಲು ಶ್ರೀಮಂತರು ನೆರವಿಗೆ ಬರಲಿಲ್ಲ. ಬಂದವರು ಬಡವರು: ರೈತರು, ವಿದ್ಯಾರ್ಥಿಗಳು, ಕುಡುಗೋಲು ಹಿಡಿದ ಕೂಲಿಗಳು. ಅವರನ್ನು ಒಟ್ಟುಗೂಡಿಸಿದವರು ಎಪ್ಪತ್ತು ವರ್ಷದ ಫ್ರಾನ್ಸಿಸ್ಕನ್ ಗುರು, ಸಂತ ಕಪಿಸ್ತ್ರಾನೊದ ಯೊವಾನ್ನರು.

ಜುಲೈ 14ರಂದು ಹುನ್ಯಾದಿ ನದಿಯಲ್ಲಿ ತುರ್ಕಿ ಹಡಗುಗಳ ಸಾಲನ್ನು ಮುರಿದು ಕೋಟೆಗೆ ದಾರಿ ಮಾಡಿದನು. 21ರ ರಾತ್ರಿಯ ಭೀಕರ ದಾಳಿಯನ್ನು ಕೋಟೆಯವರು ತಡೆದರು. ಮರುದಿನ ಯಾರೂ ಹೊರಬರಬಾರದೆಂದು ಆಜ್ಞೆಯಿದ್ದರೂ ಆ ಬಡಜನರು ಹೊರಗೆ ನುಗ್ಗಿದರು. ಕದನ ಬೆಳೆಯಿತು, ಸುಲ್ತಾನನು ಗಾಯಗೊಂಡು ಹಿಂದೆ ಸರಿದನು.

ಇದಕ್ಕೆ ಮೊದಲೇ, ಜೂನ್ 29ರಂದು, ಜಗದ್ಗುರು ಮೂರನೇ ಕಲಿಸ್ತುಸರು ಎಲ್ಲೆಡೆ ಮಧ್ಯಾಹ್ನದ ಹೊತ್ತಿನಲ್ಲಿ ಗಂಟೆ ಬಾರಿಸಿ ಪ್ರಾರ್ಥಿಸಬೇಕೆಂದು ಆಜ್ಞಾಪಿಸಿದ್ದರು. ಅನೇಕ ಊರುಗಳಿಗೆ ಆ ಆಜ್ಞೆಯೂ ಜಯದ ಸುದ್ದಿಯೂ ಒಟ್ಟಿಗೇ ತಲುಪಿದವು. ಮೊರೆಯ ಗಂಟೆ ಕೃತಜ್ಞತೆಯ ಗಂಟೆಯಾಯಿತು. ರೋಮಿಗೆ ಸುದ್ದಿ ಮುಟ್ಟಿದ ಆಗಸ್ಟ್ 6ರ ನೆನಪಿಗಾಗಿ, ಮರುವರ್ಷ ಜಗದ್ಗುರುಗಳು ಪ್ರಭುವಿನ ರೂಪಾಂತರದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು.

ಕೊನೆಯ ಪಯಣ

ಜಯದ ಮೂರು ವಾರಗಳೊಳಗೆ ಶಿಬಿರಕ್ಕೆ ಪ್ಲೇಗ್ ಹಬ್ಬಿತು. ಹುನ್ಯಾದಿ ಬೆಲ್‌ಗ್ರೇಡಿನ ಸಮೀಪದ ಜೆಮುನ್‌ನಲ್ಲಿ ಹಾಸಿಗೆ ಹಿಡಿದನು. ಪರಮಪ್ರಸಾದವನ್ನು ಬಳಿಗೆ ತರಲು ಆತ ಒಪ್ಪಲಿಲ್ಲವೆಂದೂ, ಒಡೆಯನು ಆಳಿನ ಮನೆಗೆ ಬರುವುದು ತರವಲ್ಲವೆಂದು ಹೇಳಿ ತನ್ನನ್ನೇ ದೇವಾಲಯಕ್ಕೆ ಹೊತ್ತುಕೊಂಡು ಹೋಗುವಂತೆ ಬೇಡಿದನೆಂದೂ ಹಳೆಯ ಬರಹಗಳು ತಿಳಿಸುತ್ತವೆ. ಅಲ್ಲಿ ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಆಗಸ್ಟ್ 11ರಂದು ಕಣ್ಣುಮುಚ್ಚಿದನು. ಅಕ್ಟೋಬರ್ 23ರಂದು ಸಂತ ಯೊವಾನ್ನರೂ ಆತನನ್ನು ಹಿಂಬಾಲಿಸಿದರು. ಈಗ ರುಮೇನಿಯಾದಲ್ಲಿರುವ ಆಲ್ಬಾ ಯೂಲಿಯಾದ ಸಂತ ಮಿಖಾಯೇಲರ ಪ್ರಧಾನಾಲಯದಲ್ಲಿ ಹುನ್ಯಾದಿಯ ಸಮಾಧಿಯಿದೆ. ಹಿರಿಯ ಮಗ ಲಾಸ್ಲೊನನ್ನು 1457ರಲ್ಲಿ ಅದೇ ರಾಜನು ಕೊಲ್ಲಿಸಿದನು. ಕಿರಿಯವನಾದ ಮಾತ್ಯಾಷ್ 1458ರಲ್ಲಿ ಹಂಗೇರಿಯ ಅರಸನಾದನು.

ಓದುಗರೇ, ಯಾವ ಧರ್ಮದವರ ಮೇಲೂ ದ್ವೇಷ ಮೂಡಿಸಲು ಈ ಕಥೆ ಹೇಳಬೇಕಾಗಿಲ್ಲ. ನಮಗೂ ಒಬ್ಬೊಬ್ಬರಿಗೆ ಒಂದೊಂದು ಒಪ್ಪಿಸಲ್ಪಟ್ಟಿದೆ. ಒಬ್ಬರಿಗೆ ಸಂಘದ ಹಣ, ಒಬ್ಬರಿಗೆ ತಮ್ಮಂದಿರ ಪಾಲಿನ ಜಮೀನು, ಒಬ್ಬರಿಗೆ ತಂದೆಯಿಲ್ಲದ ಮಕ್ಕಳು. ಬಹುಕಾಲ ಕೈಯಲ್ಲಿದ್ದುದು ನಮ್ಮದೇ ಎನಿಸತೊಡಗುತ್ತದೆ. ಹಕ್ಕುದಾರ ಬಾಗಿಲಿಗೆ ಬಂದು ನಿಂತ ದಿನ ನಾವು ಏನು ಮಾಡುತ್ತೇವೆ? ಮಧ್ಯಾಹ್ನದ ಪ್ರಾರ್ಥನೆಯ ನಡುವೆ ಇದನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಿರಿ.